ಬ್ರೋಕರ್ ಬೇಕಾಗಿತ್ತಾ? ಬದಿಯಡ್ಕದಲ್ಲಿ ಮನೆ ಕೊಂಡ ಕಥೆ

ಮನೆ ಹುಡುಕಲು ಹೊರಟಾಗ ಬ್ರೋಕರ್ ಬೇಡವೇ ಬೇಡ ಅಂತ ತೀರ್ಮಾನಿಸಿದ್ದೆ. ಸುಮ್ನೆ ಯಾಕೆ ಅರ್ಧ ಲಕ್ಷ ಕೊಡುವುದು? ಮೂರು ತಿಂಗಳು ಮೊಬೈಲಿನಲ್ಲಿ ಜಾಹೀರಾತು ನೋಡಿದೆ. ಪ್ರತಿ ಆದಿತ್ಯವಾರ ಬೈಕಿನಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಸೀತಾಂಗೋಳಿ, ಪೆರ್ಲ ಸುತ್ತಿದೆ. ಸಿಕ್ಕಿದ ನಂಬರಿಗೆ ಫೋನ್ ಮಾಡಿದರೆ ಎತ್ತುವವರೂ ಬ್ರೋಕರೇ! ಇಲ್ಲಿ ಮನೆ ಮಾರುವವರು ಬೋರ್ಡ್ ಹಾಕುವುದು ಕಡಿಮೆ. ಊರಿಗೆ ಗೊತ್ತಾದರೆ ಸಾಲವೋ, ಪಾಲಿನ ಜಗಳವೋ ಅಂತ ಮಾತು ಹುಟ್ಟುತ್ತದೆ ನೋಡಿ. ಬ್ರೋಕರ ಕಿವಿಗಷ್ಟೇ ಹಾಕಿರುತ್ತಾರೆ.

ಕೊನೆಗೆ ಬದಿಯಡ್ಕದ ಒಬ್ಬರನ್ನು ಹಿಡಿದೆ. ನನ್ನಿಂದ ಶೇಕಡಾ 1, ಮಾರುವವರಿಂದ 2 ಅಂತ ಮೊದಲೇ ಹೇಳಿದರು. ಬೆಲೆ ಏರಿದಷ್ಟೂ ಅವರಿಗೆ ಲಾಭ. ನನ್ನ ಪರ ಅವರು ಯಾಕೆ ಮಾತಾಡಬೇಕು, ಅಲ್ವಾ? ಈ ಅನುಮಾನ ಇಟ್ಟುಕೊಂಡೇ ಅವರ ಹಿಂದೆ ತಿರುಗಿದೆ.

ಮೊದಲ ಮನೆ ನೋಡಿದ್ದು ಆಗಸ್ಟಿನಲ್ಲಿ. ಬಾವಿಯಲ್ಲಿ ಕೈಗೆ ಸಿಗುವಷ್ಟು ನೀರು. ನಾನು ಖುಷಿಯಲ್ಲಿದ್ದೆ. ಹೊರಗೆ ಬಂದ ಮೇಲೆ ಅವರು ಮೆಲ್ಲಗೆ ಹೇಳಿದರು: "ಮಾಷ್ಟ್ರೇ, ಈಗ ಎಲ್ಲ ಬಾವಿಯೂ ತುಂಬಿರುತ್ತದೆ. ಇದು ಮಾರ್ಚಿಗೇ ಬತ್ತುತ್ತದೆ. ಬೇರೆ ನೋಡುವ." ಯಾವ ಜಾಹೀರಾತಿನಲ್ಲಿ ಇದು ಬರೆದಿರುತ್ತದೆ?

ಎರಡನೆಯದು ಕೆಂಪುಕಲ್ಲಿನ ಹಳೆ ಮನೆ. ಬೆಲೆ 46 ಲಕ್ಷ, ಜಾಗ 22 ಸೆಂಟ್ಸ್ ಅಂದರು. ಹೊಸ ಆಧಾರ (ಜಾಗದ ಕ್ರಯಪತ್ರ) ಮಲಯಾಳದಲ್ಲಿತ್ತು, ಬ್ರೋಕರ್ ಗಡಗಡ ಓದಿ ಹೇಳಿದರು. ಅದರಲ್ಲಿ ಇದ್ದದ್ದು 17 ಸೆಂಟ್ಸ್. "ಅಳತೆ ಹೆಚ್ಚುಕಮ್ಮಿ ಇರ್ತದೆ" ಅಂದರು ಬ್ರೋಕರ್. ಐದು ಸೆಂಟ್ಸ್ ಹೆಚ್ಚುಕಮ್ಮಿಯಾ? ಹಳೆ ಕಾಗದ ಇದೆಯಾ ಅಂತ ಕೇಳಿದೆ. ಮನೆಯ ಅಜ್ಜಿ ಒಳಗಿಂದ ತಗಡಿನ ಪೆಟ್ಟಿಗೆ ತಂದರು. 1956ಕ್ಕೆ ಮುಂಚೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಹಾಗಾಗಿ ಆ ಕಾಲದ ಆಧಾರ ಮೋಡಿಯಂಥ ಕನ್ನಡ ಕೈಬರಹದಲ್ಲಿತ್ತು. ಬ್ರೋಕರಿಗೆ ಒಂದಕ್ಷರ ತಿಳಿಯಲಿಲ್ಲ. ನಾನು ಜಗಲಿಯಲ್ಲಿ ಕೂತು ಗಡಿಯ ಸಾಲು ಹುಡುಕಿದೆ. "ಪೂರ್ವಕ್ಕೆ ಕುಮ್ಕಿ" ಅಂತ ಇತ್ತು. ಕುಮ್ಕಿ ಅಂದರೆ ವರ್ಗ ಜಾಗಕ್ಕೆ, ಅಂದರೆ ಸ್ವಂತ ಪಟ್ಟಾ ಜಾಗಕ್ಕೆ, ತಾಗಿದ ಸರಕಾರಿ ಜಾಗ. ಸೊಪ್ಪು ಸೌದೆ ತರಬಹುದು, ಮಾರಲು ಬರುವುದಿಲ್ಲ. ಯಾವುದೋ ಕಾಲದಲ್ಲಿ ಕಾಂಪೌಂಡ್ ಗೋಡೆ ಅದನ್ನೂ ಒಳಗೆ ಹಾಕಿಕೊಂಡಿತ್ತು.

ಸರ್ವೆಯವರನ್ನು ಕರೆಸಿ ಅಳೆಸಿದೆ. ಲೆಕ್ಕ ಸರಿಯಾಗಿ 17ಕ್ಕೇ ನಿಂತಿತು.

ಬೆಲೆ ಇಳಿಸಿ ಅಂತ ನಾನು ಕೇಳಿದ್ದಕ್ಕೆ ಮನೆಯವರು ಮುಖ ತಿರುಗಿಸಿದರು. ವ್ಯವಹಾರ ಮುರಿಯಿತು ಅಂದುಕೊಂಡೆ. ಬ್ರೋಕರ್ ಮಾತ್ರ ಎರಡು ಸಂಜೆ ಅಲ್ಲಿ ಹೋಗಿ ಕೂತರು, ಚಾ ಕುಡಿದರು, ಏನು ಮಾತಾಡಿದರೋ ಗೊತ್ತಿಲ್ಲ. 43ಕ್ಕೆ ಒಪ್ಪಿಸಿಕೊಂಡು ಬಂದರು. ಅವರ ಕಮಿಷನ್ ಇದರಿಂದ ಕಡಿಮೆಯೇ ಆಯಿತು. ಮುರಿದ ವ್ಯವಹಾರಕ್ಕಿಂತ ಇಳಿದ ವ್ಯವಹಾರ ವಾಸಿ ಅಂತ ಅವರ ಲೆಕ್ಕ ಇರಬಹುದು.

ಕಾಗದದ ಕೆಲಸ ಮಾತ್ರ ಅವರಿಗೆ ಬಿಡಲಿಲ್ಲ. ಜಾಗದ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ 30 ವರ್ಷದ ಇ.ಸಿ. ನಾನೇ ತೆಗೆಸಿದೆ. ವಿಲ್ಲೇಜ್ ಆಫೀಸಿನಲ್ಲಿ ಜಾಗ "ಪುರಯಿಡಂ" ಅಂತ ಇದೆಯಾ, "ನಿಲಂ" ಅಂತ ಇದೆಯಾ ನೋಡಿದೆ. ಪುರಯಿಡಂ ಅಂದರೆ ಮನೆ ಹಿತ್ತಲಿನ ಒಣ ಜಾಗ, ನಿಲಂ ಅಂದರೆ ಗದ್ದೆ. 2008ರ ಗದ್ದೆ ಸಂರಕ್ಷಣೆ ಕಾಯ್ದೆ ಬಂದ ಮೇಲೆ ಅಂಥ ಜಾಗ ದೊಡ್ಡ ತಲೆನೋವು. ಆಧಾರವನ್ನು ವಕೀಲರಿಗೆ ತೋರಿಸಿದೆ. ಸ್ಟಾಂಪಿಗೆ ಶೇಕಡಾ 8, ರಿಜಿಸ್ಟ್ರೇಷನಿಗೆ 2. ಈ ಖರ್ಚಿನ ಎದುರು ಬ್ರೋಕರ ಒಂದು ಪರ್ಸೆಂಟಿಗೆ ನಾನು ಮೂರು ತಿಂಗಳು ಅತ್ತಿದ್ದೆ!

ರಿಜಿಸ್ಟರ್ ಆದ ದಿನ ಅವರು ತಲೆ ಕೆರೆಯುತ್ತಾ, "ಮಾಷ್ಟ್ರೇ, ಎರಡು ಪರ್ಸೆಂಟ್ ಮಾಡಿ" ಅಂದರು. ಮಾತು ಒಂದೇ ಅಲ್ವಾ ಅಂದೆ. ನಕ್ಕರು. 43 ಸಾವಿರದ ಜಾಗದಲ್ಲಿ 50 ಕೊಟ್ಟೆ. ಬತ್ತುವ ಬಾವಿಯ ಲೆಕ್ಕಕ್ಕೆ ಆ ಏಳು ಸಾವಿರ.

ಹಿತ್ತಲಿನ ಹಲಸಿನ ಮರ ಕುಮ್ಕಿಯಲ್ಲೇ ಇದೆ. ಈ ವರ್ಷ ಅದರದ್ದೇ ಹಪ್ಪಳ ಮಾಡಿದೆವು. ಒಂದು ಕಟ್ಟು ಬ್ರೋಕರ ಮನೆಗೂ ಹೋಯಿತು.