ಪಿಜಿ ಡ್ಯೂಟಿ ಪಟ್ಟಿಯೂ ಇಬ್ಬರು ಚಿಕ್ಕ ಮಕ್ಕಳೂ: ನಾವು ಮನೆ ನಡೆಸಿದ ರೀತಿ

ಹೆಂಡತಿ ರಾಯಚೂರಿನಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದ ಪಿಜಿಗೆ, ಅಂದರೆ ಡಾಕ್ಟರಾದ ಮೇಲಿನ ಸ್ನಾತಕೋತ್ತರ ಓದಿಗೆ, ಸೇರಿದಾಗ ಮಗಳಿಗೆ ನಾಲ್ಕು ವರ್ಷ, ಮಗನಿಗೆ ಏಳು ತಿಂಗಳು. ನಾನು ಹೈಸ್ಕೂಲ್ ಮೇಷ್ಟ್ರು. ಮನೆಯಲ್ಲಿ ಅವ್ವ ಇದ್ದಾಳೆ, ಹಗಲು ಹೊತ್ತಿಗೆ ಕೂಸು ನೋಡಿಕೊಳ್ಳಲು ಒಬ್ಬಾಕೆ ಬರುತ್ತಾಳೆ. ಮೂರು ವರ್ಷವೂ ಮನೆ ನಡೆದದ್ದು ಒಂದೇ ನಿಯಮದ ಮೇಲೆ: ಮಕ್ಕಳ ಏಳುವುದು, ಸ್ನಾನ, ಊಟ, ನಿದ್ದೆಯನ್ನು ತಾಯಿ ಮನೆಗೆ ಬರುವ ಹೊತ್ತಿಗೆ ಕಟ್ಟಿಹಾಕಬಾರದು. ಆಕೆ ಇರಲಿ ಬಿಡಲಿ, ಆ ನಾಲ್ಕೂ ತಮ್ಮ ಹೊತ್ತಿಗೆ ಆಗಬೇಕು. ಬಂದಾಗ ಆಕೆ ಅದರೊಳಗೆ ಸೇರಿಕೊಳ್ಳುತ್ತಾಳೆ. ‘ಅಮ್ಮ ಬರಲಿ, ಕೂಡೇ ಉಣ್ಣೋಣ’ ಎಂದು ಕಾಯಿಸಿದರೆ ಏಳೂವರೆಗೆ ಉಣ್ಣಬೇಕಾದ ಮಗು ಹತ್ತಕ್ಕೆ ಅಳುತ್ತಾ ಉಣ್ಣುತ್ತದೆ, ಹನ್ನೊಂದಾದರೂ ಮಲಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಮತ್ತೆ ವಾರ್ಡಿಗೆ ಹೋಗಬೇಕಾದವಳ ನಿದ್ದೆಯೂ ಅಲ್ಲಿಗೆ ಮುಗಿಯಿತು.

ಮೊದಲು ಡ್ಯೂಟಿ ಪಟ್ಟಿ ಓದಲು ಕಲಿಯಬೇಕು. ವಿಭಾಗದಲ್ಲಿ ಯೂನಿಟ್‌ಗಳು, ಅಂದರೆ ಡಾಕ್ಟರುಗಳ ತಂಡಗಳು ಇರುತ್ತವೆ, ಒಂದೊಂದು ಯೂನಿಟ್‌ಗೂ ವಾರದಲ್ಲಿ ಗೊತ್ತುಪಡಿಸಿದ ಅಡ್ಮಿಷನ್ ಡೇ, ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ದಿನ. ಆ ದಿನ ಬೆಳಿಗ್ಗೆ ಹೋದವರು ರಾತ್ರಿಯಿಡೀ ಲೇಬರ್ ರೂಮಿನಲ್ಲಿದ್ದು, ಮರುದಿನ ರೌಂಡ್ಸ್, ಹ್ಯಾಂಡೋವರ್ ಮುಗಿಸಿ ಮಧ್ಯಾಹ್ನವೋ ಸಂಜೆಯೋ ಮನೆ ಸೇರುತ್ತಾರೆ. ಹಾಗಾಗಿ ಮನೆಯ ಲೆಕ್ಕಕ್ಕೆ ಸೋಮವಾರ, ಮಂಗಳವಾರ ಇಲ್ಲ. ಅಡ್ಮಿಷನ್ ದಿನ, ಅದರ ಮರುದಿನವಾದ ಪೋಸ್ಟ್ ಡ್ಯೂಟಿ ದಿನ, ಸಾದಾ ದಿನ, ಈ ಮೂರೇ. ತಿಂಗಳ ಕೊನೆಗೆ ಪಟ್ಟಿ ವಾಟ್ಸಾಪಿಗೆ ಬಂದ ಕೂಡಲೇ ಅಡುಗೆಮನೆ ಗೋಡೆಯ ದೊಡ್ಡ ಕ್ಯಾಲೆಂಡರಿಗೆ ಸ್ಕೆಚ್ ಪೆನ್ನಿನಿಂದ ಇಳಿಸುತ್ತೇವೆ: ಅಡ್ಮಿಷನ್ ದಿನ ಕೆಂಪು, ಪೋಸ್ಟ್ ಡ್ಯೂಟಿ ಹಳದಿ, ಸಾದಾ ದಿನ ಹಸಿರು. ಫೋನಿನಲ್ಲಿದ್ದರೆ ಸಾಲದು, ಅವ್ವನಿಗೂ ಕೆಲಸದಾಕೆಗೂ ಕಾಣುವುದು ಗೋಡೆ. ಡ್ಯೂಟಿ ಅದಲು ಬದಲಾದರೆ ಮಲಗುವ ಮೊದಲು ಗೋಡೆಯ ಮೇಲೂ ತಿದ್ದಬೇಕು. ನಾಳೆ ಬರೆದರಾಯಿತು ಎಂದು ಬಿಟ್ಟ ಬದಲಾವಣೆಯೇ ಎಡವಟ್ಟಿಗೆ ಮೂಲ.

ಅದೇ ಕ್ಯಾಲೆಂಡರಿನಲ್ಲಿ ಹಬ್ಬಗಳನ್ನೂ ಮೊದಲೇ ಗುರುತು ಹಾಕಿ. ನಮ್ಮ ಭಾಗದಲ್ಲಿ ಅಲಾಯಿ ಹಬ್ಬ, ಕಾರಹುಣ್ಣಿಮೆ, ನಾಗರಪಂಚಮಿ, ಎಳ್ಳ ಅಮಾವಾಸ್ಯೆ ಬಂದರೆ ಕೆಲಸದಾಕೆ ಬರುವುದಿಲ್ಲ, ಬಾ ಎನ್ನುವುದೂ ತಪ್ಪು. ಪಂಚಮಿಗೆ ತವರಿಗೆ ಹೋದವಳು ಒಂದೇ ದಿನಕ್ಕೆ ವಾಪಸ್ ಬರುವುದಿಲ್ಲ. ಕೆಂಪು ದಿನ ಹಬ್ಬದ ಮೇಲೆ ಬಿದ್ದಿದ್ದರೆ ಹದಿನೈದು ದಿನ ಮುಂಚೆಯೇ ನನ್ನ ರಜೆ ಅರ್ಜಿ ಹೋಗಿರುತ್ತದೆ. ಆಕೆಯ ರಜೆಗೆ ಸಂಬಳ ಹಿಡಿಯಬೇಡಿ. ಹಿಡಿದರೆ ಒಳ್ಳೆಯ ಕೈ ಬಿಟ್ಟುಹೋಗುತ್ತದೆ, ಹೊಸಬರಿಗೆ ಕೂಸು ಹೊಂದಿಕೊಳ್ಳಲು ವಾರಗಟ್ಟಲೆ ಬೇಕು.

ಇನ್ನು ಎದೆಹಾಲು. ಹೆಚ್ಚು ಕೆಲಸ ಇದರಲ್ಲೇ, ಮತ್ತು ರಾಯಚೂರಿನ ಬಿಸಿಲಿಗೆ ಪುಸ್ತಕದ ಲೆಕ್ಕ ಹಾಗೇ ನಡೆಯುವುದಿಲ್ಲ. ಹಿಂಡಿದ ಹಾಲು ಹೊರಗೆ 4 ಗಂಟೆ ಇರುತ್ತದೆ ಎನ್ನುವುದು 25 ಡಿಗ್ರಿವರೆಗಿನ ಕೋಣೆಗೆ ಹೇಳಿದ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ದಾಟುತ್ತದೆ, ಆಗ ಹೊರಗಿಡುವ ಮಾತೇ ಬೇಡ. ಹಿಂಡಿದ ತಕ್ಷಣ ತಂಪಿಗೆ ಹೋಗಬೇಕು.

ಎಷ್ಟು ಬೇಕು? ತಾಯಿ ಇಲ್ಲದ ಪ್ರತಿ ಗಂಟೆಗೆ 30ರಿಂದ 45 ಮಿಲಿ ಎಂದು ಲೆಕ್ಕ ಹಿಡಿಯಿರಿ. ಹನ್ನೆರಡು ಗಂಟೆಗೆ 360ರಿಂದ 540 ಮಿಲಿ ಕೈಯಲ್ಲಿರಬೇಕು. ಆರು ತಿಂಗಳು ದಾಟಿ ಮೇಲೂಟ ಶುರುವಾಗಿದ್ದರೆ ಅಷ್ಟೂ ಖರ್ಚಾಗುವುದಿಲ್ಲ. 60 ಮಿಲಿಯ ಸಣ್ಣ ಪ್ಯಾಕೆಟ್ ಮಾಡುವುದು ಲಾಭ. 150 ಮಿಲಿಯದ್ದು ಬಿಚ್ಚಿ ಮಗು ಅರ್ಧಕ್ಕೇ ಬಿಟ್ಟರೆ ಉಳಿದದ್ದನ್ನು ಎರಡು ಗಂಟೆಯೊಳಗೆ ಕುಡಿಸಬೇಕು, ಇಲ್ಲವೇ ಚೆಲ್ಲಬೇಕು. ಪ್ರತಿ ಪ್ಯಾಕೆಟ್ ಮೇಲೆ ಮೈಕ್ರೋಪೋರ್ ಟೇಪ್ ಅಂಟಿಸಿ ತಾರೀಖು, ಗಂಟೆ, ಮಿಲಿ ಬರೆಯುತ್ತೇವೆ. ಹಳೆಯದು ಮುಂದೆ, ಹೊಸದು ಹಿಂದೆ.

ಡ್ಯೂಟಿಯಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಹಿಂಡಬೇಕು, ಎರಡೂ ಕಡೆ ಒಟ್ಟಿಗೆ ಹಿಂಡುವ ಎಲೆಕ್ಟ್ರಿಕ್ ಪಂಪ್ ಇದ್ದರೆ 15ರಿಂದ 20 ನಿಮಿಷ. ಪಂಪಿನ ಮೋಟಾರ್ ಒಂದೇ ಸಾಕು. ಎದೆಗೆ ಹಿಡಿಯುವ ಕಪ್, ವಾಲ್ವ್, ಬಾಟಲಿ ಮಾತ್ರ ಎರಡು ಮೂರು ಸೆಟ್ ಇರಲಿ, ಆಸ್ಪತ್ರೆ ಸಿಂಕಿನಲ್ಲಿ ತೊಳೆಯುವ ಗೋಜು ತಪ್ಪುತ್ತದೆ. ಬಳಸಿದ ಸೆಟ್ ಬೇರೆ ಡಬ್ಬಿಗೆ ಹಾಕಿ ಮನೆಗೆ ತಂದು ಸೋಪಿನ ನೀರಲ್ಲಿ ತೊಳೆದು 5 ನಿಮಿಷ ಕುದಿಸುತ್ತೇವೆ. ಹಾಲು ಇದ್ದಕ್ಕಿದ್ದಂತೆ ಕಡಿಮೆ ಬರತೊಡಗಿದರೆ ಹಾಲೇ ಬತ್ತಿತು ಎಂದು ಹೆದರುವ ಮೊದಲು ಸಿಲಿಕೋನ್ ವಾಲ್ವ್ ನೋಡಿ. ಅದರ ತುದಿ ಕೂದಲೆಳೆಯಷ್ಟು ಹರಿದರೂ ಪಂಪಿನ ಎಳೆತ ಕುಗ್ಗುತ್ತದೆ. ಬಿಡಿ ವಾಲ್ವ್ ಎರಡು ಯಾವಾಗಲೂ ಚೀಲದಲ್ಲಿರಲಿ. ತುರ್ತು ಸಿಸೇರಿಯನ್ ಬಂದರೆ ಪಂಪ್ ಹೊತ್ತು ಮೀರುತ್ತದೆ, ಅದು ಯಾರ ಕೈಯಲ್ಲೂ ಇಲ್ಲ. ಕೇಸ್ ಮುಗಿದ ಕೂಡಲೇ ಐದು ನಿಮಿಷ ಕೈಯಿಂದಲಾದರೂ ಹಿಂಡಿ ಭಾರ ಇಳಿಸಬೇಕು. ಇಲ್ಲದಿದ್ದರೆ ಎದೆ ಗಟ್ಟಿಯಾಗಿ, ಕೆಂಪಾಗಿ, ಚಳಿಜ್ವರ ಬರುವ ಸಂಭವ ಇದೆ.

ವಾರ್ಡಿನ ಫ್ರಿಜ್ಜಿನಲ್ಲಿ ಇನ್ಸುಲಿನ್, ಲಸಿಕೆ, ರಕ್ತದ ಸ್ಯಾಂಪಲ್ ಇರುತ್ತವೆ. ಅಲ್ಲಿ ಹಾಲು ಬೇಡವೇ ಬೇಡ. ದಪ್ಪ ಗೋಡೆಯ ಐಸ್ ಬಾಕ್ಸ್ ಒಯ್ಯುವುದೇ ಸರಿ. ಐಸ್ ಪ್ಯಾಕುಗಳು ರಾತ್ರಿಯಿಡೀ ಫ್ರೀಜರಿನಲ್ಲಿ ಕಲ್ಲಿನಂತಾಗಿರಬೇಕು, ಬಾಕ್ಸನ್ನೂ ಮುಂಚೆಯೇ ತಂಪು ಮಾಡಿಡಬೇಕು, ಪ್ಯಾಕ್ ನಾಲ್ಕೂ ಬದಿಗೆ ನಿಲ್ಲಿಸಿ ನಡುವೆ ಹಾಲು. ಹೀಗಿಟ್ಟರೆ 24 ಗಂಟೆ ತಡೆಯುತ್ತದೆ ಎನ್ನುತ್ತಾರೆ. ಬೇಸಿಗೆಯಲ್ಲಿ ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ. ಸಂಜೆ ಏಳಕ್ಕೆ ನಾನು ಊಟದ ಡಬ್ಬಿ, ಹೊಸ ಐಸ್ ಪ್ಯಾಕ್ ಹಿಡಿದು ಗೇಟಿಗೆ ಹೋಗುತ್ತೇನೆ. ಡಬ್ಬಿ ಒಳಗೆ, ಹಾಲು ಹೊರಗೆ. ಆಕೆಗೆ ಬರಲಾಗದಿದ್ದರೆ ಜೂನಿಯರ್ ಯಾರಾದರೂ ಬಂದು ಬದಲಾಯಿಸಿಕೊಂಡು ಹೋಗುತ್ತಾರೆ. ಹಾಲನ್ನು ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಗೆ ಹಾಕಬೇಡಿ. ಬಿಸಿಲಿಗೆ ನಿಂತ ಗಾಡಿಯ ಡಿಕ್ಕಿ ಒಲೆಯಷ್ಟೇ ಕಾದಿರುತ್ತದೆ.

ಮನೆಯ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ನಾಲ್ಕು ದಿನ ಇಡಬಹುದು. ಆದರೆ ಮಕ್ಕಳು ಮೇಲಿಂದ ಮೇಲೆ ಬಾಗಿಲು ತೆಗೆಯುವ, ಕರೆಂಟ್ ಹೋಗಿ ಬರುವ ಮನೆಯಲ್ಲಿ ಎರಡೇ ದಿನ ಎಂದು ಹಿಡಿದುಕೊಂಡೆವು. ಬಾಗಿಲಿನ ಅಟ್ಟದಲ್ಲಲ್ಲ, ಒಳಗೆ ಹಿಂಗೋಡೆಗೆ ಹತ್ತಿರ ಇಡಿ. ಸಿಂಗಲ್ ಡೋರ್ ಫ್ರಿಜ್ಜಿನ ಒಳಗಿನ ಐಸ್ ಪೆಟ್ಟಿಗೆ ನಿಜವಾದ ಫ್ರೀಜರ್ ಅಲ್ಲ, ಎರಡು ವಾರಕ್ಕಿಂತ ಹೆಚ್ಚು ನೆಚ್ಚಬೇಡಿ. ಊರಿಗೆ ಹೋಗಿ ಬಂದಾಗ ನಡುವೆ ಕರಗಿ ಮತ್ತೆ ಹೆಪ್ಪುಗಟ್ಟಿತೇ ಎಂದು ತಿಳಿಯಲು ಸುಲಭ ಉಪಾಯವಿದೆ: ಒಂದು ಲೋಟ ನೀರು ಐಸ್ ಮಾಡಿ ಮೇಲೊಂದು ರೂಪಾಯಿ ನಾಣ್ಯ ಇಟ್ಟಿರಿ. ನಾಣ್ಯ ತಳ ಸೇರಿದ್ದರೆ ಹಾಲೆಲ್ಲ ಚೆಲ್ಲಿಬಿಡಿ.

ಕುಡಿಸುವಾಗ ಬೋಗುಣಿಯ ಬಿಸಿನೀರಿನಲ್ಲಿ ಪ್ಯಾಕೆಟ್ ಇಟ್ಟು ಉಗುರುಬೆಚ್ಚಗೆ ಮಾಡಿ. ಒಲೆ, ಮೈಕ್ರೋವೇವ್ ಎರಡೂ ಬೇಡ. ಮೇಲೆ ಕೆನೆ ಬೇರೆಯಾಗಿ ನಿಂತಿದ್ದರೆ ಕೆಟ್ಟಿದೆ ಎಂದಲ್ಲ, ಮೆಲ್ಲಗೆ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಕೆಲವರ ಹಾಲಿಗೆ ಫ್ರೀಜ್ ಆದ ಮೇಲೆ ಸೋಪಿನ ವಾಸನೆ ಬರುತ್ತದೆ, ಅದೂ ತೊಂದರೆಯಲ್ಲ. ಕರಗಿಸಿದ ಹಾಲನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಫ್ರೀಜ್ ಮಾಡುವಂತಿಲ್ಲ. ಬಾಟಲಿಗಿಂತ ಒಳಲೆ ಮೇಲು. ಮೂಲೆ ಸಂದಿ ಇಲ್ಲ, ತೊಳೆಯುವುದು, ಕುದಿಸುವುದು ಸುಲಭ, ಅವ್ವನ ಕೈಗೂ ಅದೇ ರೂಢಿ. ಕೂಸನ್ನು ಅರ್ಧ ಕೂತ ಹಾಗೆ ಹಿಡಿದು ತುಟಿಯಂಚಿಗೆ ತಾಗಿಸಬೇಕೇ ಹೊರತು ಗಂಟಲಿಗೆ ಸುರಿಯಬಾರದು.

ಹಳದಿ ದಿನವನ್ನು ರಜೆ ಎಂದು ತಿಳಿಯುವ ಮನೆಗಳೇ ಹೆಚ್ಚು. ಮೂರು ಬಗೆಯ ದಿನಗಳಲ್ಲಿ ಅಪಾಯದ್ದು ಅದೇ. ಮೂವತ್ತು ಗಂಟೆ ಕಣ್ಣು ಮುಚ್ಚದವಳ ಕೈಗೆ ಬಂದ ಕೂಡಲೇ ಮಗು ಕೊಟ್ಟು ‘ಸ್ವಲ್ಪ ನೋಡ್ಕೋ’ ಎಂದರೆ ಅನ್ಯಾಯ. ನಮ್ಮ ಕಟ್ಟಳೆ ಇದು: ಬಂದವಳು ಸ್ನಾನ ಮಾಡಿ, ಉಂಡು, ಕೂಸಿಗೆ ಹಾಲು ಕೊಟ್ಟು ನಾಲ್ಕು ಗಂಟೆ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಹಾಲು ಕುಡಿಸುವಾಗ ಪಕ್ಕದಲ್ಲಿ ಒಬ್ಬರು ಎಚ್ಚರ ಇರಬೇಕು, ಮುಗಿದ ತಕ್ಷಣ ಕೂಸನ್ನು ಎತ್ತಿಕೊಳ್ಳಬೇಕು. ಅಷ್ಟು ದಣಿದವರು ಎಳೆಗೂಸಿನ ಪಕ್ಕ ನಿದ್ದೆಹೋದರೆ ಕೂಸಿಗೆ ಉಸಿರುಕಟ್ಟುವ ಅಪಾಯವಿದೆ. ಸೋಫಾ ಎಲ್ಲಕ್ಕಿಂತ ಕೆಟ್ಟ ಜಾಗ. ಪೋಸ್ಟ್ ಡ್ಯೂಟಿಯಲ್ಲಿ ಆಕೆ ಸ್ಕೂಟರ್ ಓಡಿಸುವುದಿಲ್ಲ, ನಾನೋ ಆಟೋವೋ ಕರೆತರುತ್ತೇವೆ. ಮಕ್ಕಳನ್ನು ಬೈಕಿನಲ್ಲಿ ಒಯ್ಯುವುದಿದ್ದರೆ 9 ತಿಂಗಳಿಂದ 4 ವರ್ಷದವರೆಗೆ ಹೆಲ್ಮೆಟ್, ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಕಡ್ಡಾಯ, ವೇಗ 40 ಕಿಲೋಮೀಟರ್ ಮೀರಬಾರದು. 2023ರಿಂದ ಇದು ಕಾನೂನು.

ನಿದ್ದೆಗಣ್ಣಲ್ಲಿ ಔಷಧಿ ಅಳೆಯುವುದೂ ಬೇಡ, ಡಾಕ್ಟರೇ ಆದರೂ. ಪ್ಯಾರಾಸಿಟಮಾಲ್ ಒಂದನ್ನೇ ನೋಡಿ. ಲೆಕ್ಕ ಕಿಲೋಗೆ 15 ಮಿಲಿಗ್ರಾಂ, 10 ಕಿಲೋ ಮಗುವಿಗೆ 150. ಆದರೆ ಡ್ರಾಪ್ಸ್ ಒಂದು ಮಿಲಿಗೆ 100 ಮಿಲಿಗ್ರಾಂ ಇದ್ದರೆ ಕೊಡಬೇಕಾದ್ದು 1.5 ಮಿಲಿ, ಸಿರಪ್ 5 ಮಿಲಿಗೆ 125 ಇದ್ದರೆ 6 ಮಿಲಿ, 5 ಮಿಲಿಗೆ 250ರದ್ದಾದರೆ 3 ಮಿಲಿ. ಮನೆಯಲ್ಲಿ ಮೂರು ಬಗೆಯ ಬಾಟಲಿ ಇದ್ದರೆ ಒಂದಲ್ಲ ಒಂದು ದಿನ ತಪ್ಪುತ್ತದೆ. ಒಂದೇ ಬಗೆ ಇಡಿ, ಬಾಟಲಿಗೆ ಟೇಪ್ ಅಂಟಿಸಿ ಎರಡೂ ಮಕ್ಕಳ ತೂಕ, ಮಿಲಿ ಬರೆಯಿರಿ. ಕೊಟ್ಟ ಗಂಟೆಯನ್ನು ಕ್ಯಾಲೆಂಡರಿನಲ್ಲೇ ಗುರುತು ಮಾಡಿ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಅವ್ವ ಮಧ್ಯಾಹ್ನ ಕೊಟ್ಟದ್ದು ಗೊತ್ತಿಲ್ಲದೆ ಸಂಜೆ ಇನ್ನೊಬ್ಬರು ಕೊಡುವುದು ತಪ್ಪುವುದು ಈ ಗುರುತಿನಿಂದಲೇ.

ಆಸ್ಪತ್ರೆಯಿಂದ ಬಂದಾಗ ಚಪ್ಪಲಿ ಹೊರಗೆ, ಏಪ್ರನ್ ಬೇರೆ ಚೀಲದಲ್ಲಿ, ಫೋನು ಮತ್ತು ಸ್ಟೆತಸ್ಕೋಪ್ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ನೇರ ಬಚ್ಚಲಿಗೆ. ತೊಡಕು ಏನೆಂದರೆ ಗಾಡಿ ಸದ್ದಿಗೇ ಮಗಳು ಓಡಿಹೋಗಿ ತೊಡೆ ಅಪ್ಪಿಕೊಳ್ಳುತ್ತಾಳೆ, ನಿಲ್ಲು ಎಂದರೆ ಅಳುತ್ತಾಳೆ. ಬೈದು ಪ್ರಯೋಜನವಿಲ್ಲ. ತಾಯಿಯ ಟವೆಲ್ಲನ್ನು ಬಚ್ಚಲ ಬಾಗಿಲಿಗೆ ಒಯ್ದುಕೊಡುವ ಕೆಲಸ ಅವಳಿಗೇ ವಹಿಸಿದೆವು. ಓಡುವ ದಿಕ್ಕು ಬದಲಾಯಿತು.

ರೋಗಿಗೆ ಬಳಸಿದ ಸೂಜಿ ಕೆಲಸದಲ್ಲಿ ಆಕೆಗೆ ಚುಚ್ಚಿದರೆ ಏನು ಎಂಬುದನ್ನೂ ಮನೆಯವರು ತಿಳಿದಿರಬೇಕು. ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸ್ ಆದಷ್ಟು ಬೇಗ, 72 ಗಂಟೆ ಮೀರದಂತೆ ತೆಗೆದುಕೊಳ್ಳಬೇಕು, ಕೋರ್ಸ್ 28 ದಿನ. ಎದೆಹಾಲು ಕೊಡುತ್ತಿದ್ದೇನೆ ಎಂದು ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಡಾಕ್ಟರಿಗೆ ಮೊದಲೇ ಹೇಳಬೇಕು. ಅವರು ಹೇಳುವವರೆಗೆ, ಚುಚ್ಚುವ ಮೊದಲು ಹಿಂಡಿಟ್ಟ ಹಾಲನ್ನಷ್ಟೇ ಬಳಸಿ. ಟೇಪಿನ ಮೇಲೆ ಗಂಟೆ ಬರೆದಿಟ್ಟದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಮಗಳಿಗೆ ಗಂಟೆ ಹೇಳುವುದಿಲ್ಲ. ‘ಎಂಟಕ್ಕೆ ಬರ್ತಾಳೆ’ ಎಂದು ಹೇಳಿ ಹನ್ನೊಂದಾದರೆ ಮುಂದಿನ ಸಲ ನಂಬುವುದಿಲ್ಲ. ಕೆಂಪು ದಿನ ‘ನೀನು ಮಲಗಿ ಎದ್ದು, ಶಾಲೆಗೆ ಹೋಗಿ ಬಂದು, ಮಧ್ಯಾಹ್ನ ಮಲಗಿ ಎದ್ದ ಮೇಲೆ’ ಎಂದಷ್ಟೇ ಹೇಳುತ್ತೇವೆ. ಅದಕ್ಕಿಂತ ಬೇಗ ಬಂದರೆ ಖುಷಿಯೇ. ಹೊತ್ತು ಗೊತ್ತು ಮಾಡಿದ ವಿಡಿಯೋ ಕಾಲ್ ನಮಗೆ ಹಿಡಿಸಲಿಲ್ಲ, ಅರ್ಧಕ್ಕೇ ಯಾರೋ ಕರೆಯುತ್ತಾರೆ, ಮಗು ಪರದೆ ನೋಡುತ್ತಾ ಕೂರುತ್ತದೆ. ಬಿಡುವಾದಾಗ ಆಕೆ ಕಳಿಸುವ ಎರಡು ನಿಮಿಷದ ಕತೆಯ ಧ್ವನಿ ಸಂದೇಶ ವಾಸಿ, ಮಲಗುವ ಹೊತ್ತಿಗೆ ಹಾಕಬಹುದು.

ಡಬ್ಬಿಗೆ ಸಾರು ಬೇಡ, ಓಡಾಟದಲ್ಲಿ ಚೆಲ್ಲುತ್ತದೆ, ಕೂತು ಉಣ್ಣಲು ಪುರುಸೊತ್ತಿರುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಬೇಯಿಸಿದ ಮೊಟ್ಟೆ, ಎರಡು ಬಾಳೆಹಣ್ಣು. ಹಾಲುಣಿಸುವವಳಿಗೆ ನೀರಿನ ಬಾಟಲಿ ಎರಡು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಒಂದು ಕಟ್ಟು ಡ್ಯೂಟಿ ರೂಮಿನಲ್ಲೇ ಇಟ್ಟಿರುತ್ತಾಳೆ.

ರಜೆಯ ಬಗ್ಗೆ: 2023ರ ಪಿಜಿ ನಿಯಮಾವಳಿಯಲ್ಲಿ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ, ಕೆಲಸದ ಒತ್ತಡ ನೋಡಿಕೊಂಡು ವಾರಕ್ಕೊಂದು ಬಿಡುವು ಇದೆ. ಆ 20 ದಿನವನ್ನು ಮದುವೆ, ಮುಂಜಿಗೆ ಖರ್ಚು ಮಾಡದೆ ಮಕ್ಕಳ ಜ್ವರಕ್ಕೆ ಉಳಿಸಿ. ಮೂರು, ನಾಲ್ಕು ಅಥವಾ ಐದನೇ ಸೆಮಿಸ್ಟರಿನಲ್ಲಿ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ, ಅಂದರೆ ಜಿಲ್ಲಾ ಆಸ್ಪತ್ರೆಯ ಕೆಲಸ, ಬರುತ್ತದೆ, ಬೇರೆ ಊರಿಗೂ ಬೀಳಬಹುದು. ಕೂಸು ಚಿಕ್ಕದಿದ್ದರೆ ಪಟ್ಟಿ ತಯಾರಾಗುವ ಮೊದಲೇ, ಬರಹದಲ್ಲಿ, ಐದನೇ ಸೆಮಿಸ್ಟರ್ ಕೇಳಿ. ಪಟ್ಟಿ ಹೊರಬಿದ್ದ ಮೇಲೆ ಕೇಳಿದರೆ ಇನ್ನೊಬ್ಬರ ಮನೆಯ ಲೆಕ್ಕ ಕೆಡುತ್ತದೆ.

ಫ್ರಿಜ್ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಒಂದು ಹಾಳೆ: 108, ಮಕ್ಕಳ ಡಾಕ್ಟರ ನಂಬರ್, ತಾಯಿ ಕಾರ್ಡ್ ಇರುವ ಜಾಗ, ಓಆರ್‌ಎಸ್ ಒಂದು ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು ಎಂಬ ಸಾಲು. ಓಟಿ (ಆಪರೇಷನ್ ಥಿಯೇಟರ್) ಒಳಗೆ ಆಕೆ ಫೋನ್ ಎತ್ತುವುದಿಲ್ಲ, ಆದ್ದರಿಂದ ಲೇಬರ್ ರೂಮಿನ ಸಿಸ್ಟರ್ ಮೇಜಿನ ನಂಬರ್ ಮತ್ತು ಅವತ್ತಿನ ಸಹಡ್ಯೂಟಿಯವರ ನಂಬರ್ ಕೂಡ ಬೇಕು. ಎರಡನೆಯದು ತಿಂಗಳಿಗೊಮ್ಮೆ ಬದಲಾಗುತ್ತದೆ; ಹೊಸ ಪಟ್ಟಿ ಗೋಡೆಗೇರಿದ ದಿನವೇ ಅದನ್ನೂ ತಿದ್ದಿ, ಅವ್ವನ ಕೈಯಲ್ಲಿ ಒಮ್ಮೆ ಡಯಲ್ ಮಾಡಿಸಿ ನೋಡುತ್ತೇವೆ.