ಮನೆಯೊಳಗೆ ಗಾಜು: ಎಲ್ಲಿಗೆ ಯಾವುದು?

ಶಿರಸಿ ಕಡೆಯ ಹಳೇ ಹಂಚಿನ ಮನೆಗಳಲ್ಲಿ ಅಡಿಗೆಮನೆಯ ಮಾಡಿಗೆ ಒಂದು ಗಾಜಿನ ಹಂಚು ಹಾಕಿರುವುದನ್ನು ನೀವು ನೋಡಿರಬಹುದು. ನಮ್ಮ ಅಜ್ಜಿ ಮನೆಯಲ್ಲೂ ಇತ್ತು. ಒಲೆಯ ಹೊಗೆ ಆ ಬಿಸಿಲುಕೋಲಿನೊಳಗೆ ಸುರುಳಿ ಸುತ್ತುತ್ತಾ ಮೇಲೇರುತ್ತಿತ್ತು. ಬೆಳಕಿನ ಚೌಕ ಕಡೆಯುವ ಕಲ್ಲಿನ ಹತ್ತಿರ ಬಂತು ಅಂದರೆ ಅಜ್ಜಿ ಅನ್ನಕ್ಕೆ ಎಸರು ಇಡುತ್ತಿದ್ದಳು. ಇದ್ದದ್ದು ಒಂದೇ ಗಾಜು. ಆದರೆ ಇರಬೇಕಾದ ಜಾಗದಲ್ಲೇ ಇತ್ತು.

ಈಗ ಅಂಗಡಿಗೆ ಹೋದರೆ ಹತ್ತಾರು ನಮೂನೆಯ ಗಾಜು ತೋರಿಸುತ್ತಾರೆ. ಚೆಂದ ಕಂಡದ್ದನ್ನು ಆರಿಸಿ, ಆಮೇಲೆ ಅದಕ್ಕೆ ಜಾಗ ಹುಡುಕಬೇಡಿ. ಮೊದಲು ಜಾಗ ನೋಡಿ.

ಮೊದಲು ಮನೆಯೊಳಗೆ ಒಂದು ಸುತ್ತು

ಮಳೆಗಾಲದ ಒಂದು ಮಧ್ಯಾಹ್ನ ದೀಪ ಹಾಕದೆ ಮನೆಯೆಲ್ಲ ತಿರುಗಿ. ಎಲ್ಲಿ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೋ ಅಲ್ಲಿ ಬೆಳಕು ಬೇಕು ಅಂತ ಬರೆದುಕೊಳ್ಳಿ. ಅಲ್ಲಿ ಮರೆ ಬೇಕಾ, ನೀರು ಬೀಳುತ್ತದಾ, ಮಕ್ಕಳು ಓಡಾಡುತ್ತಾರಾ, ಇವನ್ನೂ ಬರೆಯಿರಿ. ಗಾಜಿನ ಅಂಗಡಿಗೆ ಈ ಚೀಟಿ ಹಿಡಿದುಕೊಂಡೇ ಹೋಗಿ.

ಮಾಡಿನ ಬೆಳಕು

ಹಂಚಿನ ಮನೆಯಾದರೆ ಕೆಲಸ ಸುಲಭ. ಅದೇ ಅಳತೆಯ ಗಾಜಿನ ಹಂಚು ತಂದು ಒಂದನ್ನು ಬದಲಾಯಿಸಿದರೆ ಆಯಿತು. ಸ್ಲ್ಯಾಬ್ ಮನೆಯಲ್ಲಿ ಕಿಂಡಿ ಬಿಟ್ಟು ಗಾಜು ಕೂರಿಸುವುದಾದರೆ ಲ್ಯಾಮಿನೇಟೆಡ್ ಗಾಜನ್ನೇ ಹಾಕಿಸಿ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿರುತ್ತಾರೆ. ಒಡೆದರೂ ಚೂರುಗಳು ಆ ಪದರಕ್ಕೇ ಹಿಡಿದು ನಿಲ್ಲುತ್ತವೆ, ಕೆಳಗಿದ್ದವರ ತಲೆ ಮೇಲೆ ಸುರಿಯುವುದಿಲ್ಲ. ಘಟ್ಟದ ಮೇಲೆ ಮಂಗಗಳ ಕಾಟ, ಕೆಳಗೆ ತೆಂಗಿನಕಾಯಿ. ನಮ್ಮ ಕಡೆ ಇದರಲ್ಲಿ ದುಡ್ಡು ಉಳಿಸಲು ಹೋಗಲೇಬಾರದು.

ನಡುವಿನ ಗೋಡೆಗೆ

ಹಾಲ್ ಮತ್ತು ಊಟದ ಜಾಗದ ನಡುವೆ ನನಗೆ ತುಂಬ ಇಷ್ಟವಾದದ್ದು ಫ್ಲೂಟೆಡ್ ಗಾಜು, ಅಂದರೆ ಉದ್ದುದ್ದ ಗೀರು ಇರುವುದು. ಬೆಳಕು ಪೂರಾ ಬರುತ್ತದೆ, ಆಚೆ ಇರುವವರು ಬಣ್ಣದ ಪಟ್ಟಿಗಳ ಹಾಗೆ ಕಾಣುತ್ತಾರೆ. ಒಲೆಯ ಹತ್ತಿರ ಮಾತ್ರ ಬೇಡ. ಗೀರಿನಲ್ಲಿ ಎಣ್ಣೆ ಜಿಡ್ಡು ಕೂತರೆ ಒರೆಸಿ ಸಾಕಾಗುತ್ತದೆ.

ಒಲೆಯ ಹಿಂದಿನ ಗೋಡೆಗೆ ಲ್ಯಾಕರ್ಡ್ ಗಾಜು ಒಳ್ಳೆಯದು. ಬಣ್ಣ ಹಿಂಬದಿಗಿರುತ್ತದೆ, ಮುಂದೆ ನುಣುಪು. ಒಗ್ಗರಣೆ ಸಿಡಿದರೂ ಒಂದು ಒದ್ದೆ ಬಟ್ಟೆ ಸಾಕು. ಟೈಲ್ಸ್ ಸಂದಿನ ಹಾಗೆ ಅರಿಶಿನ ಹಿಡಿಯುವುದಿಲ್ಲ. ಬಿಸಿ ತಾಗುವ ಜಾಗ, ಹಾಗಾಗಿ ಟಫನ್ಡ್, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ ಗಾಜೇ ಬೇಕು.

ಬಚ್ಚಲು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಸ್ನಾನದ ಜಾಗದ ಬಾಗಿಲಿಗೆ 8 ಅಥವಾ 10 ಎಂಎಂ ಟಫನ್ಡ್ ಗಾಜು ಹಾಕಿಸಿ. ಸಾದಾ ಗಾಜನ್ನು 600 ಡಿಗ್ರಿಗಿಂತ ಹೆಚ್ಚು ಕಾಯಿಸಿ, ಗಾಳಿ ಬೀಸಿ ಒಮ್ಮೆಲೇ ತಣಿಸಿದರೆ ಅದು ಟಫನ್ಡ್ ಆಗುತ್ತದೆ. ಶಕ್ತಿ ನಾಲ್ಕೈದು ಪಟ್ಟು. ಒಡೆದರೆ ಚಾಕುವಿನಂಥ ಚೂರಲ್ಲ, ಕಲ್ಲುಸಕ್ಕರೆಯಂಥ ಹರಳಾಗಿ ಉದುರುತ್ತದೆ. ಆದರೆ ಟಫನ್ಡ್ ಆದ ಮೇಲೆ ಕತ್ತರಿಸಲು ಬರುವುದಿಲ್ಲ, ತೂತು ಕೊರೆಯಲೂ ಬರುವುದಿಲ್ಲ. ಹಿಡಿಕೆ, ಹಿಂಜ್, ಅಡಿಗೆಮನೆಯಲ್ಲಾದರೆ ಸ್ವಿಚ್ ಬೋರ್ಡಿನ ಕಿಂಡಿ, ಎಲ್ಲದರ ಅಳತೆ ಮೊದಲೇ ಕೊಡಬೇಕು. ಟೈಲ್ಸ್ ಕೂರಿಸಿದ ಮೇಲೆಯೇ ಅಳತೆ ತೆಗೆಸಿ, ಅದಕ್ಕೆ ಮುಂಚೆ ಬೇಡ.

ಭಾರವನ್ನೂ ಲೆಕ್ಕ ಹಾಕಿ. 10 ಎಂಎಂ ಗಾಜು ಒಂದು ಚದರ ಮೀಟರಿಗೆ 25 ಕಿಲೋ. ಎರಡೂವರೆ ಅಡಿ ಅಗಲ, ಆರೂವರೆ ಅಡಿ ಎತ್ತರದ ಬಾಗಿಲು ಅಂದರೆ ಸುಮಾರು 38 ಕಿಲೋ. ಅಷ್ಟೂ ಭಾರ ಹಿಂಜಿನ ಮೇಲೆ. ಕಾರವಾರ, ಅಂಕೋಲಾದಂಥ ಕಡಲ ದಂಡೆಯ ಊರುಗಳಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಹಿಂಜಿಗೂ ಕಂದು ಚುಕ್ಕೆ ಏಳುತ್ತದೆ. 316 ದರ್ಜೆಯದು ಕೇಳಿ ಹಾಕಿಸಿ, ಅದು ಉಪ್ಪುಗಾಳಿಗೆ ಹೆಚ್ಚು ತಡೆಯುತ್ತದೆ.

ಮರೆಗೆ ಫ್ರಾಸ್ಟೆಡ್, ಅಂದರೆ ಒಂದು ಮೈ ತರಿ ಮಾಡಿ ಮಬ್ಬಾಗಿಸಿದ ಗಾಜು ಹಾಕಿಸುವವರು ಒಂದು ಮಾತು ನೆನಪಿಡಿ. ಅದರ ತರಿ ಮೈ ಒದ್ದೆಯಾದರೆ ಆಚೆಯದು ಕಾಣತೊಡಗುತ್ತದೆ. ತರಿ ಬದಿ ನೀರು ಬೀಳದ ಕಡೆಗಿರಲಿ.

ಕನ್ನಡಿ

ಕಾರವಾರದ ನಮ್ಮ ಮನೆಯಲ್ಲಿ ಕನ್ನಡಿಯ ಅಂಚು ಎರಡೇ ಮಳೆಗಾಲಕ್ಕೆ ಕಪ್ಪಾಯಿತು. ಅಂಚಿನಿಂದ ಒಳಕ್ಕೆ, ಮಸಿ ಚೆಲ್ಲಿದ ಹಾಗೆ ಹರಡಿತ್ತು. ಕೂರಿಸುವಾಗ ಬಾತ್‌ರೂಮ್ ತುಂಬ ವಿನೆಗರ್ ವಾಸನೆ ಬಂದದ್ದು ನೆನಪಾದದ್ದು ಆಮೇಲೆ. ಹಾಗೆ ಹುಳಿ ವಾಸನೆ ಬರುವ ಸಿಲಿಕೋನ್ ಅಂಟು ಕನ್ನಡಿಯ ಹಿಂದಿನ ಲೇಪವನ್ನು ತಿನ್ನುತ್ತದೆ. ಕನ್ನಡಿಗೆ ಆ ಹುಳಿ ಇಲ್ಲದ ನ್ಯೂಟ್ರಲ್ ಸಿಲಿಕೋನ್ ಬೇಕು ಅಂತ ಬಾಯಿ ಬಿಟ್ಟು ಹೇಳಿ. ಗೋಡೆಗೂ ಕನ್ನಡಿಗೂ ನಡುವೆ ಗಾಳಿಯಾಡಲು ನಾಲ್ಕೈದು ಎಂಎಂ ಸಂದು ಬಿಡಿಸಿ. ಪಸೆ ಏಳುವ ಗೋಡೆಗೆ ಕನ್ನಡಿ ತಾಗಿಸಲೇಬೇಡಿ. ಹೊಸ ಕನ್ನಡಿಯನ್ನು ನಾವು ಕಿಟಕಿಯ ಎದುರು ಗೋಡೆಗೆ ಹಾಕಿದೆವು. ಮಧ್ಯಾಹ್ನ ಮೂರರವರೆಗೂ ಈಗ ಅಲ್ಲಿ ದೀಪ ಬೇಡ.

ಗಾಜು ಮನೆಗೆ ಬಂದ ದಿನ

ಟಫನ್ಡ್ ಅಂತ ಬಿಲ್ಲಿನಲ್ಲಿದ್ದರೆ ಸಾಲದು, ಗಾಜಿನ ಮೂಲೆಯಲ್ಲಿ ಅದರ ಮುದ್ರೆ ಇದೆಯಾ ನೋಡಿ. ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿ. ಚಕ್ಕೆ ಎದ್ದಿದ್ದರೆ ವಾಪಸ್ ಕಳಿಸಿ, ಮುಂದೆ ಒಡೆಯುವುದು ಅಲ್ಲಿಂದಲೇ. ಮಳೆಗಾಲದಲ್ಲಿ ಹಾಳೆಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರೆ ನಡುವೆ ಪಸೆ ಸೇರಿ ಬಿಳಿ ಮಬ್ಬು ಹಿಡಿಯುತ್ತದೆ, ತೊಳೆದರೂ ಹೋಗುವುದು ಕಷ್ಟ. ಕೂರಿಸುವುದು ತಡವಾದರೆ ನಡುವೆ ಕಾಗದ ಇಟ್ಟು, ಮರದ ಪಟ್ಟಿಯ ಮೇಲೆ ಗೋಡೆಗೆ ಓರೆಯಾಗಿ ಒಳಗೆ ನಿಲ್ಲಿಸಿ. ದೊಡ್ಡ ಗಾಜಿನ ಬಾಗಿಲು ನಿಂತ ದಿನವೇ ಅದಕ್ಕೆ ಎರಡು ಸ್ಟಿಕ್ಕರ್ ಅಂಟಿಸಿ. ಒಂದು ನಿಮ್ಮ ಕಣ್ಣಿನ ಎತ್ತರಕ್ಕೆ, ಇನ್ನೊಂದು ಮಗುವಿನ ಕಣ್ಣಿನ ಎತ್ತರಕ್ಕೆ.