ನಾನು ವೇದಿಕೆಯಿಂದ ಇಳಿದ ಬಗೆ

ಮೂವತ್ತೈದು ವರ್ಷ ಪಿಟೀಲು ನುಡಿಸಿಕೊಂಡು ಬಂದ ನಾನು ಎರಡು ವರ್ಷಗಳಿಂದ ಸಾರ್ವಜನಿಕ ಕಾರ್ಯಕ್ರಮಗಳನ್ನು ಒಪ್ಪಿಕೊಳ್ಳುತ್ತಿಲ್ಲ. ಆರೋಗ್ಯ ಕೆಟ್ಟಿತೇ, ಯಾರೊಂದಿಗಾದರೂ ಮನಸ್ತಾಪವೇ ಎಂದು ಕೇಳಿದವರಿಗೆ ಎರಡು ಮಾತಿನಲ್ಲಿ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ನನ್ನ ವಯಸ್ಸಿನ ಹಲವು ವಾದಕರು ಇದೇ ಯೋಚನೆಯಲ್ಲಿದ್ದಾರೆಂದು ತಿಳಿದಿರುವುದರಿಂದ, ಹೇಗೆ ನಿರ್ಧರಿಸಿದೆ, ಹೇಗೆ ಒಂದೊಂದೇ ಮೆಟ್ಟಿಲಾಗಿ ಇಳಿದೆ ಎಂಬುದನ್ನು ಬರೆಯುತ್ತಿದ್ದೇನೆ.

ಇದು ಒಂದು ರಾತ್ರಿಯ ಸಿಟ್ಟಿನಿಂದ ಹುಟ್ಟಿದ ತೀರ್ಮಾನವಲ್ಲ. ಸಿಟ್ಟಿನ ರಾತ್ರಿಗಳೇನೋ ಇದ್ದವು. ಮಾತಾಗಿದ್ದ ಸಂಭಾವನೆಯನ್ನು ಕಾರ್ಯಕ್ರಮ ಮುಗಿದ ಮೇಲೆ ಅರ್ಧಕ್ಕಿಳಿಸಿದ ಆಯೋಜಕರೊಬ್ಬರ ಮುಂದೆ ನಿಂತಿದ್ದಾಗ, ಇನ್ನು ಈ ವಾದ್ಯವನ್ನೇ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದೂ ಉಂಟು. ಆದರೆ ಆ ಮಾತನ್ನು ಯಾರಿಗೂ ಹೇಳದೆ ಒಂದು ನೋಟ್ ಪುಸ್ತಕ ತೆಗೆದುಕೊಂಡು ವರ್ಷಪೂರ್ತಿ ಲೆಕ್ಕ ಬರೆದೆ. ಹಣದ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ಅಭ್ಯಾಸಕ್ಕೆ ಎಷ್ಟು ಹೊತ್ತು ಸಿಕ್ಕಿತು, ಪ್ರಯಾಣಕ್ಕೆ ಎಷ್ಟು ಹೋಯಿತು, ಬಾಕಿ ಹಣಕ್ಕಾಗಿ ಎಷ್ಟು ಸಲ ಫೋನ್ ಮಾಡಬೇಕಾಯಿತು, ಪ್ರಚಾರದ ವಿಡಿಯೊ ತುಣುಕುಗಳಿಗೆ ಎಷ್ಟು ಸಂಜೆಗಳು ಕಳೆದವು ಎಂಬುದನ್ನೆಲ್ಲ ಆಯಾ ದಿನವೇ ಬರೆದಿಟ್ಟೆ. ವರ್ಷದ ಕೊನೆಯಲ್ಲಿ ಕೂಡಿಸಿ ನೋಡಿದರೆ, ಪಿಟೀಲು ನನ್ನ ಕೈಯಲ್ಲಿದ್ದ ಹೊತ್ತು ಉಳಿದೆಲ್ಲದರ ಕಾಲು ಭಾಗವೂ ಇರಲಿಲ್ಲ. ಸಂಗೀತಗಾರನಾಗಿ ಬದುಕುತ್ತಿದ್ದೇನೆ ಎಂಬ ನನ್ನ ನಂಬಿಕೆ ಆ ಪುಟದ ಮುಂದೆ ನಿಲ್ಲಲಿಲ್ಲ.

ಧ್ವನಿಮುದ್ರಣದ ಕಡೆ ನೋಡಿದರೂ ಸಮಾಧಾನ ಸಿಗಲಿಲ್ಲ. ಬಹುತೇಕ ಸ್ಟ್ರೀಮಿಂಗ್ ಸೇವೆಗಳಲ್ಲಿ ಚಂದಾ ಮತ್ತು ಜಾಹೀರಾತುಗಳಿಂದ ಬಂದ ಹಣವೆಲ್ಲ ಒಂದೇ ರಾಶಿಗೆ ಸೇರುತ್ತದೆ. ಒಟ್ಟು ಆಲಿಕೆಗಳಲ್ಲಿ ಯಾರ ಪಾಲು ಎಷ್ಟೋ ಅದಕ್ಕೆ ತಕ್ಕಂತೆ ಅದನ್ನು ಹಂಚಲಾಗುತ್ತದೆ. ಹಾಗಾಗಿ ಒಬ್ಬ ಕೇಳುಗ ತಿಂಗಳೆಲ್ಲ ನನ್ನ ವಾದನವೊಂದನ್ನೇ ಕೇಳಿದರೂ ಅವನ ಚಂದಾದ ಬಹುಪಾಲು ಅವನು ಎಂದೂ ಕೇಳದವರಿಗೆ ಹೋಗುತ್ತದೆ. ಸಾಮಾನ್ಯವಾಗಿ 30 ಸೆಕೆಂಡು ಕೇಳಿದರೆ ಅದು ಒಂದು ಆಲಿಕೆ. ಇಪ್ಪತ್ತು ನಿಮಿಷ ನಿಧಾನವಾಗಿ ಅರಳುವ ವಾದನವೂ ಎರಡು ನಿಮಿಷದ ಹಾಡೂ ಆ ಎಣಿಕೆಯಲ್ಲಿ ಒಂದೇ. 2024ರಿಂದ ಒಂದು ದೊಡ್ಡ ಸೇವೆಯಲ್ಲಿ, ಹಿಂದಿನ 12 ತಿಂಗಳಲ್ಲಿ 1,000 ಆಲಿಕೆ ಮುಟ್ಟದ ಮುದ್ರಣಕ್ಕೆ ಧ್ವನಿಮುದ್ರಣದ ರಾಯಧನವೇ ಬರುವುದಿಲ್ಲ. ಹಣ ಕಡಿಮೆಯಾದದ್ದನ್ನು ಸಹಿಸಿಕೊಳ್ಳಬಹುದಿತ್ತು. ಆದರೆ ನನ್ನ ಕೊನೆಯ ಆಲ್ಬಮ್ಮಿನ ನಿರ್ಮಾಪಕರು ಮೊದಲ ಹದಿನೈದು ಸೆಕೆಂಡಿನಲ್ಲೇ ಏನಾದರೂ ಆಗಬೇಕೆಂದು ಹೇಳಿ, ನಾನು ತಿಂಗಳುಗಟ್ಟಲೆ ತಿದ್ದಿದ ಆರಂಭವನ್ನು ಕತ್ತರಿಸಿದಾಗ ಆದ ನೋವು ಇಂದಿಗೂ ಹೋಗಿಲ್ಲ. ಮೌನದಿಂದ ಮೊದಲ ಸ್ವರ ಹೊರಡುವ ಆ ಗಳಿಗೆಗಾಗಿಯೇ ನಾನು ಕಮಾನು ಹಿಡಿದವನು.

ಇನ್ನೊಂದು ಕಾರಣ ನನ್ನ ಎಡಗಿವಿ. ಗದ್ದದ ಕೆಳಗಿಟ್ಟುಕೊಂಡು ನುಡಿಸುವ ಪಿಟೀಲು ಎಡಗಿವಿಗೆ ಕೆಲವೇ ಬೆರಳುಗಳ ದೂರದಲ್ಲಿರುತ್ತದೆ; ಅದರ ಮೇಲೆ ವಾದಕರಿಗೆ ಕೇಳಿಸಲೆಂದು ಅವರತ್ತ ತಿರುಗಿಸಿಟ್ಟ ವೇದಿಕೆಯ ಮಾನಿಟರ್ ಸ್ಪೀಕರುಗಳೂ ಹಿಂದೆ ಕುಳಿತ ತಾಳವಾದ್ಯಗಳೂ ಸೇರುತ್ತವೆ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದೆಂದು ಇಟ್ಟುಕೊಂಡರೆ, ಮುಂದಿನ ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧಕ್ಕರ್ಧ ಇಳಿಯುತ್ತದೆ. 100 ಡೆಸಿಬಲ್‌ಗೆ ಬರುವ ಹೊತ್ತಿಗೆ ಉಳಿಯುವುದು 15 ನಿಮಿಷ ಮಾತ್ರ. ಈ ಲೆಕ್ಕ ನನಗೆ ತಿಳಿದದ್ದು ಬಹಳ ತಡವಾಗಿ. ಶ್ರವಣ ಪರೀಕ್ಷೆ ಮಾಡಿಸಿದಾಗ 4,000 ಹರ್ಟ್ಸ್‌ನ ಆಸುಪಾಸಿನ ಎತ್ತರದ ಸ್ವರಗಳಲ್ಲಿ ಎಡಗಿವಿಯ ಶ್ರವಣರೇಖೆ ಹಳ್ಳಕ್ಕಿಳಿದಿತ್ತು. ಶಬ್ದದಿಂದಾದ ಹಾನಿಯ ಗುರುತು ಅದು, ಮತ್ತೆ ತುಂಬಿಬರುವಂಥದ್ದಲ್ಲ. ಸ್ವರದ ಬಣ್ಣವನ್ನು ಕೆಡಿಸದೆ ಶಬ್ದವನ್ನಷ್ಟೇ ತಗ್ಗಿಸುವ, ಸಂಗೀತಗಾರರಿಗಾಗಿಯೇ ಮಾಡಿದ ಕಿವಿಬಿರಡೆಗಳಿವೆ. ಈಗ ಅಭ್ಯಾಸಕ್ಕೆ ಕೂರುವಾಗಲೂ ಎಡಗಿವಿಗೆ ಅದನ್ನು ಹಾಕಿಕೊಳ್ಳುತ್ತೇನೆ. ಎಳೆಯ ವಾದಕರಿಗೆ ನಾನು ಕೈಮುಗಿದು ಹೇಳುವುದೂ ಇದನ್ನೇ: ಪರೀಕ್ಷೆಯನ್ನು ಇಪ್ಪತ್ತರ ವಯಸ್ಸಿನಲ್ಲೇ ಮಾಡಿಸಿ, ವರ್ಷಕ್ಕೊಮ್ಮೆ ಹೋಲಿಸಿ ನೋಡಿ.

ತೀರ್ಮಾನವಾದ ಮೇಲೆ ಮೊದಲು ಮಾಡಿದ ಕೆಲಸ, ಒಂದು ದಿನಾಂಕ ಗೊತ್ತುಮಾಡಿಕೊಂಡು ಅದರಾಚೆಗೆ ಯಾವ ಕಾರ್ಯಕ್ರಮಕ್ಕೂ ಮಾತು ಕೊಡದಿದ್ದದ್ದು. ಅದಕ್ಕೆ ಮುಂಚೆ ಒಪ್ಪಿಕೊಂಡ ಒಂದನ್ನೂ ಬಿಡಲಿಲ್ಲ, ಏಕೆಂದರೆ ನಾನು ಹಿಂದೆ ಸರಿದರೆ ಅದರ ನಷ್ಟ ಆಯೋಜಕರಿಗಿಂತ ಹೆಚ್ಚಾಗಿ ನನ್ನೊಂದಿಗೆ ನುಡಿಸುವ ಸಹವಾದಕರಿಗೆ ತಟ್ಟುತ್ತಿತ್ತು. ಹದಿನಾಲ್ಕು ತಿಂಗಳು ಹಾಗೆ ಹೋಯಿತು. ಅದೇ ಅವಧಿಯಲ್ಲಿ ಪಾಠದ ದಿನಗಳನ್ನು ವಾರಕ್ಕೆ ಎರಡರಿಂದ ಐದಕ್ಕೆ ಏರಿಸಿದೆ. ಆದಾಯದ ಒಂದು ಕಾಲು ನೆಲಕ್ಕೆ ಊರುವವರೆಗೆ ಇನ್ನೊಂದನ್ನು ಎತ್ತಬಾರದು ಎಂಬ ಎಚ್ಚರ ನನಗಿತ್ತು.

ಹೆಚ್ಚು ಶ್ರಮ ಬೇಡಿದ್ದು ಹಳೆಯ ಮುದ್ರಣಗಳ ಕಾಗದಪತ್ರ. ಒಂದು ಮುದ್ರಣದಲ್ಲಿ ಎರಡು ಬೇರೆಬೇರೆ ಹಕ್ಕುಗಳಿರುತ್ತವೆ: ರಚನೆಯದು ಒಂದು, ಆ ರಚನೆಯನ್ನು ನುಡಿಸಿ ದಾಖಲಿಸಿದ ಧ್ವನಿಯದು ಇನ್ನೊಂದು. ಎಳೆಯ ವಯಸ್ಸಿನಲ್ಲಿ ಒಂದೇ ಸಲದ ಸಂಭಾವನೆಗೆ ಸಹಿ ಹಾಕಿ ಎಷ್ಟು ಕಡೆ ಎರಡನ್ನೂ ಬಿಟ್ಟುಕೊಟ್ಟಿದ್ದೆನೋ ಆಗ ಗೊತ್ತಾಯಿತು. ಕಳೆದುಹೋದದ್ದನ್ನು ಮರಳಿ ಪಡೆಯಲಾಗಲಿಲ್ಲ. ಆದರೆ ನನ್ನದೇ ಖರ್ಚಿನಲ್ಲಿ ಮಾಡಿದ ಮುದ್ರಣಗಳಿಗೆ ಒಂದೊಂದಕ್ಕೂ ಧ್ವನಿಮುದ್ರಣವನ್ನು ಗುರುತಿಸುವ, 12 ಅಕ್ಷರ–ಅಂಕಿಗಳ ಐಎಸ್‌ಆರ್‌ಸಿ ಎಂಬ ಅಂತರರಾಷ್ಟ್ರೀಯ ಸಂಕೇತ ಪಡೆದು, ನುಡಿಸಿದ ಪ್ರತಿಯೊಬ್ಬರ ಹೆಸರನ್ನೂ ಸೇರಿಸಿ ನೋಂದಾಯಿಸಿದೆ. ನಾಲ್ಕು ತಿಂಗಳ ಕೆಲಸ ಅದು. ಅದರಿಂದ ಬರುವ ಹಣ ಅಲ್ಪವೇ, ಆದರೂ ನನ್ನೊಂದಿಗೆ ನುಡಿಸಿದವರ ಹೆಸರುಗಳು ಅಳಿಯದೆ ಉಳಿದವು ಎಂಬುದು ದೊಡ್ಡ ತೃಪ್ತಿ.

ಕೆನಡಾದ ಪಿಯಾನೊ ವಾದಕ ಗ್ಲೆನ್ ಗೌಲ್ಡ್ 1964ರಲ್ಲಿ, 31ನೆಯ ವಯಸ್ಸಿಗೇ ಕಛೇರಿಗಳನ್ನು ನಿಲ್ಲಿಸಿ, 1982ರಲ್ಲಿ ತೀರಿಕೊಳ್ಳುವವರೆಗೂ ಸ್ಟುಡಿಯೊದಲ್ಲಿ ನುಡಿಸುತ್ತಲೇ ಇದ್ದರು. ಸ್ನೇಹಿತರು ನನಗೆ ಧೈರ್ಯ ಹೇಳಲು ಅವರ ಉದಾಹರಣೆ ಕೊಡುತ್ತಿದ್ದರು. ಆದರೆ ಅವರಿಗೆ ಸಾರ್ವಜನಿಕ ಕಛೇರಿಯ ಪದ್ಧತಿಯೇ ಬೇಡವಾಗಿತ್ತು. ನನಗೆ ಸಭೆ ಎಂದೂ ಬೇಡವಾಗಿರಲಿಲ್ಲ. ಮುಂದಿನ ಸಾಲಿನಲ್ಲಿ ಕಣ್ಣುಮುಚ್ಚಿ ಕುಳಿತ ಕೇಳುಗರೊಬ್ಬರ ಉಸಿರು ನನ್ನ ಕಮಾನಿನ ಓಟಕ್ಕೆ ಹೊಂದಿಕೊಂಡಂತೆ ತೋರುತ್ತಿದ್ದ ಸಂಜೆಗಳನ್ನು ಈಗಲೂ ನೆನೆಯುತ್ತೇನೆ. ಅದನ್ನು ಕಳೆದುಕೊಂಡೆ ಎಂಬುದನ್ನು ಮುಚ್ಚಿಡಲಾರೆ. ವಿದಾಯದ ಕಾರ್ಯಕ್ರಮ ಬೇಡವೆಂದದ್ದೂ ಅದಕ್ಕಾಗಿಯೇ. ಹಾರ, ಭಾಷಣಗಳ ನಡುವೆ ನುಡಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ. ಕೊನೆಯ ಸಂಜೆ ಉಳಿದ ಸಂಜೆಗಳಂತೆಯೇ ಮುಗಿಯಿತು, ಅದು ಕೊನೆಯದೆಂದು ಸಹವಾದಕರಿಗೆ ಮಾತ್ರ ಗೊತ್ತಿತ್ತು.

ಈಗ ಬೆಳಗಿನ ಮೂರು ಗಂಟೆ ಅಭ್ಯಾಸಕ್ಕೇ ಮೀಸಲು. ಆಲ್ಬಮ್ಮಿನಲ್ಲಿ ಕತ್ತರಿಸಿದ ಆ ಆರಂಭವನ್ನು ಮನೆಯಲ್ಲೇ ಪೂರ್ತಿಯಾಗಿ ಮತ್ತೆ ಮುದ್ರಿಸಿದ್ದೇನೆ. ಆಯೋಜಕರು ಇನ್ನೂ ಕರೆ ಮಾಡುತ್ತಾರೆ. ಅವರಿಗೆ ನನ್ನ ಶಿಷ್ಯರಲ್ಲಿ ಒಬ್ಬರ ಹೆಸರು ಹೇಳುತ್ತೇನೆ, ಆದರೆ ಸಂಭಾವನೆಯನ್ನು ಬರಹದಲ್ಲಿ ಒಪ್ಪಿ, ಅರ್ಧದಷ್ಟನ್ನು ಮುಂಗಡವಾಗಿ ಕೊಟ್ಟು, ಮಾನಿಟರ್ ಸ್ಪೀಕರನ್ನು ವಾದಕರ ಎಡಗಡೆಗೆ ಇಡುವುದಿಲ್ಲವೆಂದು ಒಪ್ಪಿಕೊಂಡ ಮೇಲೆಯೇ.